ನಾನೇ ಕಟ್ಟಿದ ಲಿನಕ್ಸ್, ರೈಝನ್ 3200ಜಿ: ಬೂಟ್ ಆಗುತ್ತಾ ಆಗುತ್ತಾ ಸ್ಕ್ರೀನ್ ಕಪ್ಪು (ಪರಿಹಾರ ಸಿಕ್ಕಿದೆ)

ಕಬ್ಬಿನಗದ್ದೆ, ಮಂಡ್ಯ — ಶುಕ್ರವಾರ ರಾತ್ರಿ 11:20

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಲಿನಕ್ಸ್ ಫ್ರಮ್ ಸ್ಕ್ರ್ಯಾಚ್ ಪುಸ್ತಕ ಇಟ್ಟುಕೊಂಡು ಒಂದೊಂದೇ ಪ್ಯಾಕೇಜ್ ಕಂಪೈಲ್ ಮಾಡಿ ನನ್ನದೇ ಸಿಸ್ಟಂ ಕಟ್ಟುತ್ತಿದ್ದೇನೆ. 11.3ನೇ ಆವೃತ್ತಿ, ಕರ್ನಲ್ (ಸಿಸ್ಟಂನ ತಿರುಳು) 6.1. ಇಷ್ಟು ಹಳೇದು ಯಾಕೆ ಅಂತ ಬೈಯಬೇಡಿ. ಪುಸ್ತಕವನ್ನು ಆಗಲೇ ಪ್ರಿಂಟ್ ಹಾಕಿಸಿ ಬೈಂಡ್ ಮಾಡಿಸಿಟ್ಟಿದ್ದೆ, ಅದನ್ನು ಮುಗಿಸಲೇಬೇಕು ಅಂತ ಹಟ. ಜಿಸಿಸಿ ಅನ್ನುವ ಕಂಪೈಲರ್ ಕಟ್ಟುವಾಗ ಎರಡು ಸಲ ಕರೆಂಟ್ ಹೋಗಿ ಮೊದಲಿಂದ ಶುರು ಮಾಡಿದ್ದೂ ಆಯ್ತು.

ಮೆಷಿನ್: ರೈಝನ್ 3 3200ಜಿ ಪ್ರೊಸೆಸರ್ (ಗ್ರಾಫಿಕ್ಸ್ ಅದರೊಳಗೇ ಇದೆ), ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, 8 ಜಿಬಿ ರ‍್ಯಾಮ್, ಎಚ್‌ಡಿಎಂಐ ಮಾನಿಟರ್.

ಈಗಿನ ಗೋಳು ಇದು. ಗ್ರಬ್ (ಬೂಟ್ ಮೆನು) ಬರುತ್ತದೆ, ಎಂಟರ್ ಒತ್ತಿದರೆ ನಾಲ್ಕು ಸಾಲು ಸರ್ರನೆ ಓಡುತ್ತವೆ, ಆಮೇಲೆ ಸ್ಕ್ರೀನ್ ಕಪ್ಪು. ಮೆಷಿನ್ ಸತ್ತಿಲ್ಲ, ಕ್ಯಾಪ್ಸ್ ಲಾಕ್ ಒತ್ತಿದರೆ ಲೈಟ್ ಹತ್ತುತ್ತದೆ. ಗ್ರಾಫಿಕ್ಸ್ ಡ್ರೈವರ್ ಏಳದಂತೆ ತಡೆಯುವ ನೋಮೋಡ್‌ಸೆಟ್ ಆಪ್ಷನ್ ಕೊಟ್ಟರೆ ಲಾಗಿನ್ ತನಕ ಬರುತ್ತದೆ. ಉಬುಂಟು ಪೆನ್‌ಡ್ರೈವ್ ಹಾಕಿದರೆ ಎಲ್ಲಾ ಸರಿ. ಎಎಂಡಿಜಿಪಿಯು ಅನ್ನುವ ಗ್ರಾಫಿಕ್ಸ್ ಡ್ರೈವರನ್ನು ಕರ್ನಲ್ ಒಳಗೇ ಸೇರಿಸಿದ್ದೇನೆ, ಬೇಕಾದಾಗ ಲೋಡ್ ಆಗುವ ಮಾಡ್ಯೂಲ್ ಅಲ್ಲ. ಗ್ರಾಫಿಕ್ಸ್ ಚಿಪ್‌ಗೆ ತುಂಬುವ ಫರ್ಮ್‌ವೇರ್ ಫೈಲುಗಳೂ ಲಿಬ್ ಫರ್ಮ್‌ವೇರ್ ಫೋಲ್ಡರಿನಲ್ಲಿ ಇವೆ, ಕಣ್ಣಾರೆ ನೋಡಿದ್ದೇನೆ. ಇನ್ನೇನು ಮಾಡಲಿ?

ಬೆಲ್ಲದಚ್ಚು — ಶುಕ್ರವಾರ ರಾತ್ರಿ 11:48

ಗುರು, ಒಂದು ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ಹಾಕಿಬಿಡು, ತಲೆನೋವೇ ಇರಲ್ಲ. ಇಲ್ಲಾಂದ್ರೆ ಕಂಪನಿ ಸೈಟಿಂದ ಡ್ರೈವರ್ ಇಳಿಸ್ಕೊ.

ಹಳೇಮದರ್‌ಬೋರ್ಡ್, ಮೈಸೂರು — ಶನಿವಾರ ಬೆಳಿಗ್ಗೆ 6:35

ಬೆಲ್ಲದಚ್ಚು ಅವರೇ, ಬೆಳಿಗ್ಗೆ ಬೆಳಿಗ್ಗೆ ಅವರ ಜೇಬಿಗೆ ಕತ್ತರಿ ಹಾಕಬೇಡಿ. ಪೆನ್‌ಡ್ರೈವ್‌ನಲ್ಲಿ ಚಿತ್ರ ಬರುತ್ತಿದೆ ಅಂದಮೇಲೆ ಹಾರ್ಡ್‌ವೇರ್ ಗಟ್ಟಿಯಾಗಿಯೇ ಇದೆ. ಈ ಚಿಪ್‌ಗೆ ಬೇಕಾದ ಡ್ರೈವರ್ ಕರ್ನಲ್ ಜೊತೆಗೇ ಬರುತ್ತದೆ, ಹೊರಗಿನಿಂದ ಇಳಿಸುವ ಕೆಲಸವೇ ಇಲ್ಲ.

ಕಬ್ಬಿನಗದ್ದೆ, ನನಗೆ ಲಾಗ್ ಬೇಕು, ಊಹೆ ಬೇಡ. ನೋಮೋಡ್‌ಸೆಟ್‌ನಲ್ಲಿ ತೆಗೆದ ಡಿಮೆಸೇಜ್ (ಕರ್ನಲ್ ಲಾಗ್) ಕಳಿಸಿದರೆ ಪ್ರಯೋಜನವಿಲ್ಲ, ಯಾಕೆಂದರೆ ಆಗ ಎಎಂಡಿಜಿಪಿಯು ಕೆಲಸವನ್ನೇ ಶುರು ಮಾಡಿರುವುದಿಲ್ಲ. ಹೀಗೆ ಮಾಡಿ. ನೋಮೋಡ್‌ಸೆಟ್ ಇಲ್ಲದೆ ಬೂಟ್ ಮಾಡಿ, ಸ್ಕ್ರೀನ್ ಕಪ್ಪಾಗಲಿ ಬಿಡಿ. ಒಂದು ನಿಮಿಷ ಸುಮ್ನೆ ಕೂತಿರಿ, ಹಿಂದೆ ಸಿಸ್ಟಂ ಪೂರ್ತಿ ಏಳುತ್ತಿರುತ್ತದೆ. ಆಮೇಲೆ ಕಂಟ್ರೋಲ್-ಆಲ್ಟ್-ಡಿಲೀಟ್ ಒತ್ತಿ. ಅದು ಸರಿಯಾಗಿಯೇ ಶಟ್‌ಡೌನ್ ಆಗಿ ಮತ್ತೆ ಏಳುತ್ತದೆ. ಪವರ್ ಬಟನ್ ಅದುಮಿ ಹಿಡಿಯಬೇಡಿ, ಲಾಗ್ ಡಿಸ್ಕಿಗೆ ಬರೆದಿರುವುದಿಲ್ಲ. ಈಗ ನೋಮೋಡ್‌ಸೆಟ್‌ನಲ್ಲಿ ಒಳಗೆ ಹೋಗಿ ವಾರ್ ಲಾಗ್ ಫೋಲ್ಡರಿನ ಕರ್ನ್ ಲಾಗ್ ಫೈಲ್ ತೆಗೆಯಿರಿ. ಹಿಂದಿನ ಬೂಟ್‌ನಲ್ಲಿ ಎಎಂಡಿಜಿಪಿಯು ಅಂತ ಇರುವ ಸಾಲುಗಳೂ, ರೂಟ್ (ಸಿಸ್ಟಂ ಇರುವ ಡಿಸ್ಕ್) ಮೌಂಟ್ ಆದ ಸಾಲೂ ಬೇಕು. ಸಾಲಿನ ಮೊದಲಿಗೆ ಬರುವ ಸೆಕೆಂಡುಗಳ ಸಮೇತ ಹಾಕಿ. ಹಾರ್ಡ್‌ವೇರ್ ಪಟ್ಟಿ ತೋರಿಸುವ ಎಲ್‌ಎಸ್‌ಪಿಸಿಐನಲ್ಲಿ ಚಿಪ್‌ನ ರಿವಿಜನ್ ಏನು ಅಂತಲೂ ನೋಡಿ.

ಕಬ್ಬಿನಗದ್ದೆ — ಶನಿವಾರ ಬೆಳಿಗ್ಗೆ 9:10

ಅಣ್ಣಾ, ಲಾಗ್ ಸಿಕ್ಕಿತು. ಅಷ್ಟು ದಿನ ಕಪ್ಪು ಸ್ಕ್ರೀನನ್ನೇ ದಿಟ್ಟಿಸುತ್ತಾ ಕೂತಿದ್ದೆ, ಇದು ಹೊಳೆದಿರಲಿಲ್ಲ.

1.31 — ಎಎಂಡಿಜಿಪಿಯು ಕರ್ನಲ್ ಮೋಡ್‌ಸೆಟ್ಟಿಂಗ್ ಎನೇಬಲ್ಡ್
1.33 — ಕನ್ಸೋಲ್: ಸ್ವಿಚಿಂಗ್ ಟು ಕಲರ್ ಡಮ್ಮಿ ಡಿವೈಸ್ 80×25
1.36 — ಡೈರೆಕ್ಟ್ ಫರ್ಮ್‌ವೇರ್ ಲೋಡ್ ಫಾರ್ ಎಎಂಡಿಜಿಪಿಯು/ಪಿಕಾಸೊ_ಜಿಪಿಯು_ಇನ್ಫೋ.ಬಿನ್ ಫೇಲ್ಡ್ ವಿತ್ ಎರರ್ -2
1.36 — ಫೇಟಲ್ ಎರರ್ ಡ್ಯೂರಿಂಗ್ ಜಿಪಿಯು ಇನಿಟ್
2.08 — ವಿಎಫ್‌ಎಸ್: ಮೌಂಟೆಡ್ ರೂಟ್

ಎಲ್‌ಎಸ್‌ಪಿಸಿಐ ಹೇಳುವುದು: ಪಿಕಾಸೊ (ಚಿಪ್‌ನ ಸಂಕೇತನಾಮ), 1002:15ಡಿ8, ರಿವಿಜನ್ ಸಿ9.

-2 ಅಂದರೆ ಫೈಲ್ ಇಲ್ಲ ಅಂತ ಅಲ್ವಾ? ಆದರೆ ಫೈಲ್ ಇದೆಯಲ್ಲ ಅಣ್ಣಾ!

ಹಳೇಮದರ್‌ಬೋರ್ಡ್ — ಶನಿವಾರ ಬೆಳಿಗ್ಗೆ 9:42

ಫೈಲ್ ಇದೆ, ಆದರೆ ಎಲ್ಲಿದೆ? ಡಿಸ್ಕಿನಲ್ಲಿ. ಡಿಸ್ಕಿನ ಬಾಗಿಲು ತೆರೆದದ್ದು ಯಾವಾಗ? 2.08ಕ್ಕೆ. ಡ್ರೈವರ್ ಹೋಗಿ ಫೈಲ್ ಕೇಳಿದ್ದು ಯಾವಾಗ? 1.36ಕ್ಕೆ. ಮಂಡ್ಯದವರಿಗೆ ಹೇಳಬೇಕೇ, ನಾಲೆಗೆ ನೀರು ಬಿಡುವ ಮೊದಲೇ ನಾಟಿಗೆ ಇಳಿದ ಹಾಗಾಯಿತು ಇದು. ಡ್ರೈವರನ್ನು ಕರ್ನಲ್ ಒಳಗೆ ಸೇರಿಸಿದರೆ ಅದು ರೂಟ್ ಮೌಂಟ್ ಆಗುವ ಮೊದಲೇ ಎದ್ದು ಕೂರುತ್ತದೆ. ಆಗ ಅದಕ್ಕೆ ಲಿಬ್ ಫರ್ಮ್‌ವೇರ್ ಫೋಲ್ಡರ್ ಕಾಣುವುದೇ ಇಲ್ಲ.

ಹಾಗಾದರೆ ಉಬುಂಟು ಹೇಗೆ ನಡೆಯುತ್ತದೆ ಅಂತೀರಾ? ಅದು ಡ್ರೈವರ್, ಫರ್ಮ್‌ವೇರ್ ತುಂಬಿದ ಇನಿಟ್‌ರಾಮ್‌ಎಫ್‌ಎಸ್ ಅನ್ನುವ ಬುತ್ತಿ ಕಟ್ಟಿಕೊಂಡೇ ಹೊರಡುತ್ತದೆ. ನಿಮ್ಮ ಪುಸ್ತಕದ ದಾರಿಯಲ್ಲಿ ಬುತ್ತಿ ಇಲ್ಲ.

1.33ರ ಸಾಲು ನೋಡಿ. ಅಲ್ಲಿಯವರೆಗೆ ಬಯಾಸ್ ಕೊಟ್ಟ ಸರಳ ಸ್ಕ್ರೀನ್ ನಡೆಯುತ್ತಿತ್ತು. ಎಎಂಡಿಜಿಪಿಯು ಬಂದು "ನೀನು ಏಳು, ನಾನು ನೋಡ್ಕೋತೀನಿ" ಅಂತ ಅದನ್ನು ಎಬ್ಬಿಸಿ ಕಳಿಸಿತು. ಆಮೇಲೆ ತಾನೂ ಕೈ ಚೆಲ್ಲಿತು. ಅದಕ್ಕೇ ಕಪ್ಪು. ಮುಂದಿನ ಕರ್ನಲ್‌ಗಳಲ್ಲಿ ಇದನ್ನು ತಿದ್ದಿದ್ದಾರೆ. ಮೊದಲು ಫರ್ಮ್‌ವೇರ್ ಸಿಗುತ್ತದಾ ನೋಡಿ, ಆಮೇಲೆ ಹಳೇ ಸ್ಕ್ರೀನನ್ನು ಕಳಿಸುತ್ತದೆ. 6.1ರಲ್ಲಿ ಆ ಬುದ್ಧಿ ಬಂದಿಲ್ಲ.

ಸುಲಭದ ದಾರಿ: ಮೆನುಕಾನ್ಫಿಗ್‌ನಲ್ಲಿ (ಕರ್ನಲ್ ಆಯ್ಕೆಗಳ ಮೆನು) ಎಎಂಡಿಜಿಪಿಯು ಮುಂದೆ ಎಂ ಹಾಕಿ ಮಾಡ್ಯೂಲ್ ಮಾಡಿ, ಮಾಡ್ಯೂಲ್ಸ್ ಇನ್‌ಸ್ಟಾಲ್ ಮರೆಯಬೇಡಿ. ರೂಟ್ ಮೌಂಟ್ ಆದಮೇಲೆ ಹಾರ್ಡ್‌ವೇರ್ ಗುರುತಿಸುವ ಯುಡೆವ್ ಅದನ್ನು ಎಬ್ಬಿಸುತ್ತದೆ, ಅಷ್ಟೊತ್ತಿಗೆ ಫೈಲೂ ಕೈಗೆ ಸಿಗುತ್ತದೆ. ಒಳಗೇ ಇರಬೇಕು ಅನ್ನುವ ಹಟವಿದ್ದರೆ ಡಿವೈಸ್ ಡ್ರೈವರ್ಸ್, ಜೆನೆರಿಕ್ ಡ್ರೈವರ್ ಆಪ್ಷನ್ಸ್, ಫರ್ಮ್‌ವೇರ್ ಲೋಡರ್ ಅಂತ ಇಳಿಯುತ್ತಾ ಹೋಗಿ. ಅಲ್ಲಿ ಫರ್ಮ್‌ವೇರ್ ಹೆಸರು ಬರೆಯುವ ಒಂದು ಸಾಲಿದೆ. ಪ್ರತಿ ಫೈಲಿನ ಹೆಸರನ್ನೂ ನಡುವೆ ಒಂದು ಸ್ಪೇಸ್ ಬಿಟ್ಟು ಬರೆಯಬೇಕು. ನಾನಾಗಿದ್ದರೆ ಎಂ ಹಾಕಿ ಕಾಫಿ ಕುಡಿಯಲು ಹೋಗುತ್ತಿದ್ದೆ.

ಕಬ್ಬಿನಗದ್ದೆ — ಶನಿವಾರ ಮಧ್ಯಾಹ್ನ 1:05

ಹಟ ಇದೆ ಅಣ್ಣಾ. ಇದು ಮಾಡ್ಯೂಲೇ ಇಲ್ಲದ ಕರ್ನಲ್ ಆಗಬೇಕು ಅಂತ ಮೊದಲ ದಿನವೇ ಅಂದುಕೊಂಡಿದ್ದೆ. ಹೆಸರುಗಳನ್ನು ಬರೆದೆ, ಮೇಕ್ ಕೊಟ್ಟೆ. "ನೋ ರೂಲ್ ಟು ಮೇಕ್ ಟಾರ್ಗೆಟ್" ಅಂತ ಪಿಕಾಸೊ ಫೈಲಿನ ಹೆಸರು ಹೇಳಿ ನಿಂತುಬಿಟ್ಟಿತು. ಫೋಲ್ಡರಿನಲ್ಲಿ ಫೈಲ್ ಇದೆ. ಉಬುಂಟು ಪೆನ್‌ಡ್ರೈವ್‌ನಿಂದಲೇ ಕಾಪಿ ಮಾಡಿದ್ದು.

ಮಲ್ಲಿಗೆಮೊಗ್ಗು, ಮೈಸೂರು — ಶನಿವಾರ ಮಧ್ಯಾಹ್ನ 1:30

ಪೆನ್‌ಡ್ರೈವ್‌ನಿಂದ ಅಂದ್ರಾ? ಹೆಸರಿನ ಬಾಲ ನೋಡಿ. ಬಿನ್ ಆದಮೇಲೆ ಝಡ್‌ಎಸ್‌ಟಿ ಅಂತ ಇರಬೇಕು. ಈಗಿನ ಉಬುಂಟುವಿನಲ್ಲಿ ಫರ್ಮ್‌ವೇರನ್ನು ಝಡ್‌ಸ್ಟ್ಯಾಂಡರ್ಡ್‌ನಲ್ಲಿ ಕುಗ್ಗಿಸಿ ಇಟ್ಟಿರುತ್ತಾರೆ. ಕರ್ನಲ್ ಒಳಗೆ ಸೇರಿಸುವುದಕ್ಕೆ ಕುಗ್ಗಿಸಿದ ಫೈಲ್ ನಡೆಯುವುದಿಲ್ಲ. ಅನ್‌ಝಡ್‌ಎಸ್‌ಟಿಡಿ ಕೊಟ್ಟು ಬಿಚ್ಚಿ, ಇಲ್ಲವೇ ಲಿನಕ್ಸ್-ಫರ್ಮ್‌ವೇರ್ ಮೂಲ ಕಂತೆಯಿಂದಲೇ ತೆಗೆದುಕೊಳ್ಳಿ. ನಾನಂತೂ ಎರಡನೆಯದನ್ನೇ ಮಾಡುತ್ತೇನೆ.

ಕಬ್ಬಿನಗದ್ದೆ — ಶನಿವಾರ ರಾತ್ರಿ 8:15

ಅಕ್ಕಾ, ಅದೇ ಆಗಿತ್ತು. ಬಿಚ್ಚಿದೆ, ಕರ್ನಲ್ ಕಂಪೈಲ್ ಆಯಿತು. ಖುಷಿಯಿಂದ ಬೂಟ್ ಮಾಡಿದರೆ ಮತ್ತೆ ಕಪ್ಪು. ಲಾಗ್‌ನಲ್ಲಿ ಜಿಪಿಯು ಇನ್ಫೋದ ತಕರಾರು ಹೋಗಿದೆ. ಈಗ ಪಿಕಾಸೊ_ಆರ್‌ಎಲ್‌ಸಿ_ಎಎಂ4.ಬಿನ್ ಇಲ್ಲ, -2 ಅನ್ನುತ್ತಿದೆ. ಅದನ್ನು ನಾನೇ ಬಿಟ್ಟಿದ್ದೆ. ಪಿಕಾಸೊ_ಆರ್‌ಎಲ್‌ಸಿ ಅಂತ ಒಂದು ಸೇರಿಸಿದ್ದೇನಲ್ಲ, ಎರಡು ಯಾಕೆ ಅಂದುಕೊಂಡೆ.

ಹಳೇಮದರ್‌ಬೋರ್ಡ್ — ಶನಿವಾರ ರಾತ್ರಿ 8:50

ಇದಕ್ಕೇ ಬೆಳಿಗ್ಗೆ ರಿವಿಜನ್ ಕೇಳಿದ್ದು. ಪಿಕಾಸೊ ಲ್ಯಾಪ್‌ಟಾಪ್‌ನಲ್ಲೂ ಬಂದಿದೆ, ನಿಮ್ಮ ಹಾಗೆ ಎಎಂ4 ಸಾಕೆಟ್‌ನ ಡೆಸ್ಕ್‌ಟಾಪ್‌ನಲ್ಲೂ ಬಂದಿದೆ. ಎರಡಕ್ಕೂ ಆರ್‌ಎಲ್‌ಸಿ ಫರ್ಮ್‌ವೇರ್ ಬೇರೆ ಬೇರೆ. ಡ್ರೈವರ್ ರಿವಿಜನ್ ನೋಡುತ್ತದೆ. ಸಿ8ರಿಂದ ಸಿಎಫ್, ಇಲ್ಲವೇ ಡಿ8ರಿಂದ ಡಿಎಫ್ ಆಗಿದ್ದರೆ ಎಎಂ4 ಹೆಸರಿನದನ್ನೇ ಕೇಳುತ್ತದೆ. ನಿಮ್ಮದು ಸಿ9. ನೀವು ಸೇರಿಸಿದ್ದು ಲ್ಯಾಪ್‌ಟಾಪ್‌ನದು, ಬಿಟ್ಟಿದ್ದು ನಿಮ್ಮದು!

ಫೋಲ್ಡರಿನಲ್ಲಿ ಪಿಕಾಸೊ ಅಂತ ಶುರುವಾಗುವುದು ಒಟ್ಟು 12 ಫೈಲು. ಲೆಕ್ಕಾಚಾರ ಬಿಡಿ, ಹನ್ನೆರಡನ್ನೂ ಹಾಕಿ. ಜೊತೆಗೆ ರೇವನ್_ಡಿಎಂಸಿಯು ಅಂತ ಒಂದಿದೆ, ಅದನ್ನೂ ಸೇರಿಸಿ. ಅದಿಲ್ಲದಿದ್ದರೂ ಚಿತ್ರ ಬರುತ್ತದೆ, ಆದರೂ ಇರಲಿ. ಇನ್ನೊಂದು ಮಾತು. ಪಟ್ಟಿಯಲ್ಲಿ ಬರೆದು ಫೈಲ್ ಇಲ್ಲದಿದ್ದರೆ ಮೇಕ್ ನಿಂತು ಹೇಳುತ್ತದೆ. ಪಟ್ಟಿಯಲ್ಲೇ ಬರೆಯದಿದ್ದರೆ ಯಾರೂ ಹೇಳುವುದಿಲ್ಲ, ಬೂಟ್ ಮಾಡಿದಾಗಲೇ ಗೊತ್ತಾಗುವುದು.

ಕಬ್ಬಿನಗದ್ದೆ — ಶನಿವಾರ ರಾತ್ರಿ 10:02

ಬಂತು! ಬಂತು ಅಣ್ಣಾ! ಅರ್ಧ ಸೆಕೆಂಡ್ ಕಪ್ಪಾಗಿ, ಸಣ್ಣ ಸಣ್ಣ ಅಕ್ಷರದಲ್ಲಿ ಸ್ಕ್ರೀನ್ ತುಂಬಾ ಸಾಲುಗಳು. 1920×1080. ಅಮ್ಮ ಒಳಗಿಂದ "ಏನಾಯ್ತೋ" ಅಂತ ಕೂಗಿದರು, ಅಷ್ಟು ಜೋರಾಗಿ ಕಿರುಚಿದ್ದೆ.

ಕಬ್ಬಿನಗದ್ದೆ — ಬುಧವಾರ ರಾತ್ರಿ 9:30

ಥ್ರೆಡ್ ಮುಚ್ಚೋಣ ಅಂದುಕೊಂಡಿದ್ದೆ, ಆಗಲಿಲ್ಲ. ಎಕ್ಸ್‌ಆರ್ಗ್ (ಡೆಸ್ಕ್‌ಟಾಪ್‌ನ ಬುಡ), ಮೆಸಾ (ಗ್ರಾಫಿಕ್ಸ್ ಲೈಬ್ರರಿ) ಎಲ್ಲಾ ಹಾಕಿದೆ. ಡೆಸ್ಕ್‌ಟಾಪ್ ಬರುತ್ತದೆ, ಆದರೆ ಕಿಟಕಿ ಎಳೆದರೆ ಕೆಸರಿನಲ್ಲಿ ಎತ್ತಿನಗಾಡಿ ಎಳೆದ ಹಾಗೆ. ವಿಡಿಯೋ ಹಾಕಿದರೆ ನಾಲ್ಕೂ ಕೋರ್ ನೂರಕ್ಕೆ ನೂರು, ಫ್ಯಾನ್ ಮಿಕ್ಸಿ ಥರ ಕೂಗುತ್ತದೆ.

ಮಲ್ಲಿಗೆಮೊಗ್ಗು — ಬುಧವಾರ ರಾತ್ರಿ 9:41

ಜಿಎಲ್‌ಎಕ್ಸ್‌ಇನ್ಫೋದಲ್ಲಿ ರೆಂಡರರ್ (ಚಿತ್ರ ಬಿಡಿಸುವವರು) ಅಂತ ಏನು ಬರುತ್ತದೆ? ಎಲ್‌ಎಲ್‌ವಿಎಂಪೈಪ್ ಅಂತ ಇದ್ದರೆ ಗ್ರಾಫಿಕ್ಸ್ ಚಿಪ್ ಸುಮ್ನೆ ಕೂತಿದೆ, ಪ್ರೊಸೆಸರೇ ಒಬ್ಬಂಟಿಯಾಗಿ ಚಿತ್ರ ಬಿಡಿಸುತ್ತಿದೆ ಅಂತ ಅರ್ಥ. ನಿಮ್ಮ ಯೂಸರ್ ವಿಡಿಯೋ ಗ್ರೂಪ್‌ನಲ್ಲಿ ಇದ್ದಾರೆಯೇ? ಮೆಸಾಗೆ ಗ್ಯಾಲಿಯಂ ಡ್ರೈವರ್ ಪಟ್ಟಿಯಲ್ಲಿ ಏನೇನು ಕೊಟ್ಟಿರಿ?

ಕಬ್ಬಿನಗದ್ದೆ — ಬುಧವಾರ ರಾತ್ರಿ 10:05

ಅಕ್ಕಾ, ಎಲ್‌ಎಲ್‌ವಿಎಂಪೈಪೇ. ಗ್ರೂಪ್‌ನಲ್ಲಿ ಇದ್ದೇನೆ. ಮೆಸಾ ವಿಷಯಕ್ಕೆ ಬಂದರೆ ಒಂದು ತಪ್ಪೊಪ್ಪಿಗೆ ಇದೆ. ಪಟ್ಟಿಯಲ್ಲಿ ರೇಡಿಯಾನ್‌ಎಸ್‌ಐ ಬರೆದಿದ್ದೆ. ಮೆಸನ್ (ಬಿಲ್ಡ್ ಟೂಲ್) ಓಡಿಸಿದಾಗ ಎಲ್‌ಎಲ್‌ವಿಎಂನಲ್ಲಿ (ಮೆಸಾ ಬಳಸುವ ಕಂಪೈಲರ್) ಎಎಂಡಿಜಿಪಿಯು ಸಿಗುತ್ತಿಲ್ಲ ಅಂತ ಎರರ್ ಬಂತು. ಪಟ್ಟಿಯಿಂದ ಆ ಹೆಸರನ್ನೇ ತೆಗೆದೆ. ಎರರ್ ಹೋಯಿತು.

ಹಳೇಮದರ್‌ಬೋರ್ಡ್ — ಬುಧವಾರ ರಾತ್ರಿ 10:20

ಬಾಗಿಲು ಕಿರುಗುಟ್ಟುತ್ತದೆ ಅಂತ ಬಾಗಿಲನ್ನೇ ಕಿತ್ತು ಬಿಸಾಕಿದಿರಿ. ಎಎಂಡಿಜಿಪಿಯು ಬರೀ ಕರ್ನಲ್ ಕಡೆಯ ಆಳು. ಮೇಲೆ ಓಪನ್‌ಜಿಎಲ್ ಮಾತಾಡುವುದು ಮೆಸಾದ ರೇಡಿಯಾನ್‌ಎಸ್‌ಐ, ಅದನ್ನೇ ನೀವು ಮನೆಗೆ ಕಳಿಸಿದ್ದೀರಿ.

ಎಲ್‌ಎಲ್‌ವಿಎಂ-ಕಾನ್ಫಿಗ್‌ಗೆ ಟಾರ್ಗೆಟ್ಸ್-ಬಿಲ್ಟ್ ಕೇಳಿ. ಎಕ್ಸ್86 ಮಾತ್ರ ಬಂದರೆ, ನೀವು ಎಲ್‌ಎಲ್‌ವಿಎಂ ಕಟ್ಟುವಾಗ ಬರೀ ಹೋಸ್ಟ್ (ಈ ಪ್ರೊಸೆಸರ್ ಮಾತ್ರ) ಅಂತ ಕೊಟ್ಟಿದ್ದೀರಿ. ನಿಮ್ಮ ಕಾಲದ ಮೆಸಾದಲ್ಲಿ ರೇಡಿಯಾನ್‌ಎಸ್‌ಐ ತನ್ನ ಶೇಡರ್‌ಗಳನ್ನು (ಗ್ರಾಫಿಕ್ಸ್ ಚಿಪ್‌ನಲ್ಲಿ ಓಡುವ ಪುಟ್ಟ ಪ್ರೋಗ್ರಾಂಗಳು) ಎಲ್‌ಎಲ್‌ವಿಎಂ ಕೈಯಲ್ಲೇ ಕಂಪೈಲ್ ಮಾಡಿಸುತ್ತದೆ. ಅದಕ್ಕೆ ಗೊತ್ತಿಲ್ಲದ ಚಿಪ್‌ಗೆ ಅದು ಹೇಗೆ ಮಾಡಿಕೊಡಬೇಕು? ಟಾರ್ಗೆಟ್ ಸಾಲಿನಲ್ಲಿ ಹೋಸ್ಟ್, ಒಂದು ಸೆಮಿಕೋಲನ್, ಎಎಂಡಿಜಿಪಿಯು ಅಂತ ಕೊಟ್ಟು ಮತ್ತೆ ಕಟ್ಟಿ. ಆಮೇಲೆ ಮೆಸಾ ಕೂಡ ಮೊದಲಿಂದ. ಹಳೇ ಬಿಲ್ಡ್ ಫೋಲ್ಡರ್ ಅಳಿಸಿ, ಅದರ ಮೇಲೇ ಓಡಿಸಬೇಡಿ.

8 ಜಿಬಿ ಅಂದಿರಿ, ಅದರಲ್ಲೂ ಒಂದು ಪಾಲನ್ನು ಗ್ರಾಫಿಕ್ಸ್‌ಗೆ ಅಂತ ಬಯಾಸ್ ಎತ್ತಿಟ್ಟಿರುತ್ತದೆ. ಕಂಪೈಲ್ ನಡೆಸುವ ನಿಂಜಾಗೆ ಜೆ2 (ಒಮ್ಮೆಗೆ ಎರಡೇ ಕೆಲಸ) ಕೊಡಿ. ನಾಲ್ಕು ಕೋರ್ ಇದೆ ಅಂತ ಎಲ್ಲವನ್ನೂ ಬಿಟ್ಟರೆ ಲಿಂಕ್ ಆಗುವಾಗ ಮೆಮೊರಿ ಸಾಲದೆ ಕರ್ನಲ್ ಅದನ್ನು ಕೊಂದುಹಾಕುತ್ತದೆ. ರಾತ್ರಿ ಹಾಕಿ ಮಲಗಿ. ಯುಪಿಎಸ್ ಇದೆ ತಾನೇ?

ಕಬ್ಬಿನಗದ್ದೆ — ಗುರುವಾರ ಬೆಳಿಗ್ಗೆ 7:15

ಯುಪಿಎಸ್ ಪಕ್ಕದ ಮನೆಯವರ ಹತ್ತಿರ ಕೇಳಿ ತಂದೆ. ಮೊದಲು ಜೆ4 ಕೊಟ್ಟೆ (ಬೈಯಬೇಡಿ), ಹನ್ನೆರಡೂವರೆಗೆ "ಕಿಲ್ಡ್" ಅಂತ ಬಂತು. ಜೆ2 ಕೊಟ್ಟು ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಮುಗಿದಿತ್ತು. ಈಗ ಮೆಸಾ.

ಕಬ್ಬಿನಗದ್ದೆ — ಗುರುವಾರ ಸಂಜೆ 6:40

ರೆಂಡರರ್: ರೇಡಿಯಾನ್ ವೇಗಾ 8, ಪಕ್ಕದಲ್ಲಿ ರೇವನ್ ಅಂತಲೂ ಇದೆ. ಕರ್ನಲ್ ಪಿಕಾಸೊ ಅಂದಿದ್ದನ್ನು ಮೆಸಾ ರೇವನ್ ಅನ್ನುತ್ತಿದೆ, ಪರವಾಗಿಲ್ಲವೇ? ಕಿಟಕಿ ಈಗ ಬೆಣ್ಣೆ ಥರ ಜಾರುತ್ತದೆ. ಗೇರ್ ತಿರುಗಿಸಿ ತೋರಿಸುವ ಜಿಎಲ್‌ಎಕ್ಸ್‌ಗೇರ್ಸ್ ಮಾತ್ರ ಸೆಕೆಂಡಿಗೆ 60 ಚಿತ್ರಕ್ಕೇ ನಿಂತಿದೆ. ಎಲ್‌ಎಲ್‌ವಿಎಂಪೈಪ್‌ನಲ್ಲಿ ಇದಕ್ಕಿಂತ ಜಾಸ್ತಿ ಬರುತ್ತಿತ್ತಲ್ಲ?

ಹಳೇಮದರ್‌ಬೋರ್ಡ್ — ಗುರುವಾರ ಸಂಜೆ 7:05

ರೇವನ್ ಅಂದರೆ ಮನೆತನದ ಹೆಸರು, ಸರಿಯಾಗಿಯೇ ಇದೆ. 60 ಅನ್ನುವುದು ನಿಮ್ಮ ಮಾನಿಟರ್‌ನ ವೇಗ, ಡ್ರೈವರ್ ಅದಕ್ಕೆ ಹೊಂದಿಕೊಂಡು ನಡೆಯುತ್ತಿದೆ. ಗೇರ್ ತಿರುಗುವುದನ್ನು ನೋಡಿ ವೇಗ ಅಳೆಯಬೇಡಿ. ವಿಡಿಯೋ ಹಾಕಿ ಫ್ಯಾನ್ ಸದ್ದು ಕೇಳಿ.

ಕಬ್ಬಿನಗದ್ದೆ — ಗುರುವಾರ ಸಂಜೆ 7:30

ಫ್ಯಾನ್ ಸದ್ದೇ ಇಲ್ಲ ಅಣ್ಣಾ. ಆದರೆ ಬ್ರೌಸರ್‌ನಲ್ಲಿ ಕನ್ನಡ ಪತ್ರಿಕೆ ತೆಗೆದರೆ ಅಕ್ಷರದ ಜಾಗದಲ್ಲೆಲ್ಲಾ ಬರೀ ಚೌಕ ಚೌಕ. ಇದೂ ಡ್ರೈವರ್ ಕಾಟವಾ?

ಮಲ್ಲಿಗೆಮೊಗ್ಗು — ಗುರುವಾರ ಸಂಜೆ 7:34

ಅಲ್ಲ, ನೀವು ಕನ್ನಡ ಫಾಂಟೇ ಹಾಕಿಲ್ಲ. ನೋಟೊ ಸಾನ್ಸ್ ಕನ್ನಡ ಹಾಕಿ ಎಫ್‌ಸಿ-ಕ್ಯಾಶ್ (ಫಾಂಟ್ ಪಟ್ಟಿ ಹೊಸದಾಗಿಸುವುದು) ಓಡಿಸಿ. ಆಮೇಲೂ ಒತ್ತಕ್ಷರ ಬಿಡಿಬಿಡಿಯಾಗಿ ಬಂದರೆ ಅಕ್ಷರ ಜೋಡಿಸುವ ಹಾರ್ಫ್‌ಬಝ್ ನೋಡಬೇಕು, ಅದಕ್ಕೆ ಬೇರೆ ಥ್ರೆಡ್ ತೆಗೆಯಿರಿ.