ಮನಸ್ಸು ಜಡ್ಡುಗಟ್ಟುವುದೋ, ಮರಗಟ್ಟುವುದೋ?

ಎಲ್ಲರಿಗೂ ನಮಸ್ಕಾರ. ಸಾಗರದ ಕಾಲೇಜೊಂದರ ವಾರ್ಷಿಕ ಸಂಚಿಕೆಗೆ ಬಂದ ಲೇಖನ ತಿದ್ದುತ್ತಿದ್ದೇನೆ. ಸಿನಿಮಾದಲ್ಲಿ, ಮೊಬೈಲ್ ಗೇಮಿನಲ್ಲಿ ಸಾಲುಸಾಲಾಗಿ ಜನ ಸತ್ತರೂ ನೋಡುವವರಿಗೆ ಏನೂ ಅನ್ನಿಸುವುದಿಲ್ಲ ಅನ್ನುವುದರ ಬಗ್ಗೆ ಅದು. ಬರೆದ ಹುಡುಗಿ ‘ಮನಸ್ಸು ಮರಗಟ್ಟಿದೆ’ ಅಂದಿದ್ದಾಳೆ. ನನಗೆ ‘ಜಡ್ಡುಗಟ್ಟಿದೆ’ ಸರಿ ಅನ್ನಿಸುತ್ತದೆ. ನೀವೇನಂತೀರಿ?

ನನ್ನ ವಾದ ಹೀಗೆ. ಮಳೆಯಲ್ಲಿ ಗದ್ದೆಯ ನೆಟ್ಟಿ (ಸಸಿ ನೆಡುವ ಕೆಲಸ) ಮುಗಿಸಿ ಬಂದವರ ಕಾಲು ಮರಗಟ್ಟಿರುತ್ತದೆ. ಆಗ ಇಡೀ ಪಾದಕ್ಕೇ ಏನೂ ಗೊತ್ತಾಗುವುದಿಲ್ಲ. ಬಚ್ಚಲೊಲೆ ಮುಂದೆ ಸ್ವಲ್ಪ ಹೊತ್ತು ಕೂತರೆ ಸರಿಹೋಗುತ್ತದೆ. ಜಡ್ಡು ಹಾಗಲ್ಲ. ಅಂಗೈಯಲ್ಲಿ ಕತ್ತಿಯ ಹಿಡಿ ಉಜ್ಜಿದ ಜಾಗದಲ್ಲಿ ಮಾತ್ರ, ಚರ್ಮ ದಪ್ಪಗಾಗಿ ನಿಧಾನವಾಗಿ ಕಟ್ಟುತ್ತದೆ. ಪಕ್ಕದಲ್ಲೇ ಮುಳ್ಳು ಚುಚ್ಚಿದರೆ ಜೀವ ಹೋದಷ್ಟು ನೋವು. ಸಿನಿಮಾ ನೋಡುವವರೂ ಹೀಗೇ ಅಲ್ವಾ? ನಾಯಕ ಇಪ್ಪತ್ತು ಜನರನ್ನು ಕೊಚ್ಚುವಾಗ ಮಂಡಕ್ಕಿ ತಿನ್ನುತ್ತಾ ಕೂತವರು, ಅವನ ನಾಯಿ ಸತ್ತರೆ ಕಣ್ಣೊರೆಸಿಕೊಳ್ಳುತ್ತಾರೆ. (ಜಡ್ಡು ಅಂದರೆ ಕಾಯಿಲೆ ಅನ್ನುವ ಉತ್ತರ ಕರ್ನಾಟಕದ ಗೆಳೆಯರು ಸ್ವಲ್ಪ ಸಹಿಸಿಕೊಳ್ಳಿ.)

ಹೆಸರಿಲ್ಲದವರ ಸಾವಿಗೆ ಜಡ್ಡುಗಟ್ಟುವುದು ಹೊಸದೂ ಅಲ್ಲ. ಶಿಕಾರಿಪುರ, ಸೊರಬದ ಕಡೆ ವೀರಗಲ್ಲುಗಳಿಗೆ ಬರವಿಲ್ಲ. ನಮ್ಮ ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು ಶಾಸನತಜ್ಞ ಬಿ.ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ ಅನ್ನುವ ಶಾಸನ ಸಂಗ್ರಹದ 7 ಮತ್ತು 8ನೇ ಸಂಪುಟಗಳಲ್ಲಿ (1902, 1904) ಅಚ್ಚು ಹಾಕಿಸಿದ್ದಾರೆ. ‘ಪಲರಂ ಕೊಂದು’ (ಹಲವರನ್ನು ಕೊಂದು) ತಾನೂ ಸತ್ತವನಿಗೆ ಕಲ್ಲು ನಿಲ್ಲುತ್ತದೆ, ಅಪ್ಸರೆಯರು ಅವನನ್ನು ಮೇಲಕ್ಕೆ ಒಯ್ಯುತ್ತಾರೆ. ಆ ‘ಪಲರು’ ಯಾರ ಮನೆಯ ಮಕ್ಕಳೋ, ಕೇಳುವವರಿಲ್ಲ.

ಯಕ್ಷಗಾನದಲ್ಲಿ ಪ್ರಸಂಗದ ಹೆಸರೇ ಮೊದಲು ತೀರ್ಪು ಕೊಟ್ಟುಬಿಡುತ್ತದೆ. ಕೀಚಕನದು ‘ವಧೆ’, ಅಭಿಮನ್ಯುವಿನದು ‘ಕಾಳಗ’. ವಧೆ ಅಂದಮೇಲೆ ಅಳುವ ಮಾತೇ ಇಲ್ಲ. ವಾಲಿಯ ಹತ್ತಿರ ಬಂದಾಗ ಮಾತ್ರ ನಾವು ತಡವರಿಸುತ್ತೇವೆ. ಕೆಲವರು ‘ವಾಲಿ ವಧೆ’ ಅಂತಾರೆ, ಕೆಲವರು ‘ವಾಲಿ ಮೋಕ್ಷ’. ಯಾಕೆಂದರೆ ತಾಳಮದ್ದಳೆಯಲ್ಲಿ (ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ) ಬಾಣ ತಿಂದ ವಾಲಿ ಸುಮ್ನೆ ಸಾಯುವುದಿಲ್ಲ. ಮರೆಯಲ್ಲಿ ನಿಂತು ಯಾಕೆ ಹೊಡೆದೆ ಅಂತ ರಾಮನನ್ನೇ ನಿಲ್ಲಿಸಿ ಕೇಳುತ್ತಾನೆ. ಸಾಯುವವನಿಗೆ ಇಷ್ಟು ಮಾತು ಕೊಟ್ಟರೆ ಕೇಳುವವರು ಮಂಡಕ್ಕಿ ಮರೆಯುತ್ತಾರೆ.

ಈಗಿನ ಸಿನಿಮಾ ಮಾತು ಬೇರೆ. ‘ಎತ್ತಿಬಿಟ್ಟ’, ‘ಮುಗಿಸಿದ’, ‘ನಾಲ್ಕು ಹೆಣ ಬಿತ್ತು’. ವಿಕೆಟ್ಟೂ ಬೀಳುತ್ತದೆ, ಹೆಣವೂ ಬೀಳುತ್ತದೆ. ಪಕ್ಕದ ಮನೆ ಅಜ್ಜ ‘ತೀರಿಕೊಂಡರು’ ಅಂತೀವಿ. ಖಳನ ಕಡೆಯವನೊಬ್ಬ ‘ತೀರಿಕೊಂಡ’ ಅಂದು ನೋಡಿ, ನಗುತ್ತಾರೆ.

ಹಾಗಾಗಿ ಎರಡು ಪ್ರಶ್ನೆ. ಜಡ್ಡು ಅನ್ನುವುದನ್ನು ಮನಸ್ಸಿಗೆ ಹೇಳುವ ರೂಢಿ ಹಳೆಯ ಬರಹಗಳಲ್ಲಿ ಯಾರಿಗಾದರೂ ಸಿಕ್ಕಿದೆಯೇ? ತೀರ್ಥಹಳ್ಳಿ, ಹೊಸನಗರದ ಕಡೆಯ ಬೇರೆ ಮಾತಿದ್ದರೂ ತಿಳಿಸಿ. ‘ಒಗ್ಗಿಹೋಗು’ ಬೇಡ, ಅದು ನೀರು ಹವೆಗೆ ಸರಿ. ಇನ್ನೊಂದು, ನಾಯಕನ ಕೈಲಿ ಸಾಯಲೆಂದೇ ತೆರೆಗೆ ಬರುವವರನ್ನು ‘ಪುಡಿ ರೌಡಿ’ ಅನ್ನದೆ ಏನನ್ನಬಹುದು? ಹುಡುಗಿ ‘ಮರಗಟ್ಟಿದೆ’ಯನ್ನೇ ಹಿಡಿದು ಕೂತಿದ್ದಾಳೆ. ಸಂಚಿಕೆ ಅಚ್ಚಿಗೆ ಹೋಗುವ ಮೊದಲು ಹೇಳಿದರೆ ಉಪಕಾರ.