ಕೋಶ, ಕೋಶಿಕೆ, ಶಿಬಿರೆ: ಹಣ್ಣುನೊಣದ ಲೇಖನಕ್ಕೆ ಪದ ಬೇಕಿದೆ

ಎಲ್ಲರಿಗೂ ನಮಸ್ಕಾರ.

ಹೈಸ್ಕೂಲು ಮಕ್ಕಳಿಗೆಂದು ಹಣ್ಣುನೊಣದ ಬಗ್ಗೆ ಬರೆಯುತ್ತಿದ್ದೇನೆ. ಮಾವಿನಕಾಯಿ ಚುಚ್ಚಿ ಮೊಟ್ಟೆಯಿಡುವ ದೊಡ್ಡ ನೊಣವಲ್ಲ. ಕಳಿತ ಬಾಳೆಹಣ್ಣಿಗೆ ಮುತ್ತುವ ಕೆಂಪುಗಣ್ಣಿನ ಚಿಕ್ಕದು, ಡ್ರೊಸೊಫಿಲ. ಅದರ 'ಶಿಬಿರೆ' ಎಂಬ ಜೀನಿನ ಹತ್ತಿರ ಬಂದು ಸಿಕ್ಕಿಕೊಂಡಿದ್ದೇನೆ.

ಈ ಜೀನಿನಲ್ಲಿ ಒಂದು ಬಗೆಯ ದೋಷವಿರುವ ನೊಣಗಳು 20 ಡಿಗ್ರಿಯ ಆಸುಪಾಸಿನಲ್ಲಿ ಆರಾಮಾಗಿರುತ್ತವೆ. 30 ಡಿಗ್ರಿಗೆ ಒಯ್ದರೆ ಸ್ವಲ್ಪ ಹೊತ್ತಿನಲ್ಲೇ ಅಂಗಾತ ಬೀಳುತ್ತವೆ, ತಣ್ಣಗಾದರೆ ಎದ್ದು ಓಡಾಡುತ್ತವೆ. ಜೀನು ತಯಾರಿಸುವುದು ಡೈನಮಿನ್ ಪ್ರೋಟೀನನ್ನು ಎಂದು 1991ರಲ್ಲಿ ಗೊತ್ತಾಯಿತು. ನರದ ತುದಿಯ ಪೊರೆ ಒಳಕ್ಕೆ ಗುಳಿಬಿದ್ದು ಪುಟ್ಟ ಚೀಲವಾಗುವಾಗ, ಅದರ ಕುತ್ತಿಗೆಗೆ ಸುತ್ತಿಕೊಂಡು ಚಿವುಟಿ ಬಿಡಿಸುವುದು ಇದರ ಕೆಲಸ. ಬಿಸಿಯಲ್ಲಿ ಡೈನಮಿನ್ ಕೈಕೊಟ್ಟರೆ ಚೀಲಗಳು ಪೊರೆಗೇ ಅಂಟಿಕೊಂಡು ನಿಲ್ಲುತ್ತವೆ. ಸಂದೇಶದ ರಾಸಾಯನಿಕ ತುಂಬಲು ಬೇರೆ ಚೀಲವಿಲ್ಲ, ನೊಣ ಬಿತ್ತು. 'ಚಿವುಟು' ಎಷ್ಟು ಚೆನ್ನಾಗಿ ಕೂತಿತು ನೋಡಿ! ಉಳಿದವು ಹಾಗೆ ಕೂರುತ್ತಿಲ್ಲ.

ಚೀಲದ ಆಟ ನರಕ್ಕಷ್ಟೇ ಸೀಮಿತವಲ್ಲ. ಇದೇ ನೊಣದ ಮರಿಹುಳುಗಳನ್ನು ಕೆಲ ಗಂಟೆ ಬಿಸಿಯಲ್ಲಿಟ್ಟರೆ ಮುಂದೆ ಕಣ್ಣಿನಲ್ಲಿ ಗಾಯದ ಕಲೆಯಂಥ ಗೆರೆ ಮೂಡುತ್ತದೆ. ಪ್ಯೂಪಾ (ಮರಿಹುಳು ನೊಣವಾಗುವ ಮುಂಚಿನ ಹಂತ) ಆದ ಮೇಲೆ ಇಟ್ಟರೆ ಮೈಮೇಲಿನ ಬಿರುಗೂದಲು ಏರುಪೇರಾಗುತ್ತವೆ. ಪ್ಯೂಪಾ ಹಂತಕ್ಕೆ ಕೃಷಿ ಪುಸ್ತಕಗಳು 'ಕೋಶಾವಸ್ಥೆ' ಎನ್ನುತ್ತವೆ. ಜೀವಕೋಶವೂ ಕೋಶ. ಒಳಗಿನ ಚೀಲಕ್ಕೆ 'ಕೋಶಿಕೆ' ಎಂದರೆ ವಾಕ್ಯ ಹೀಗಾಗುತ್ತದೆ: 'ಕೋಶದ ಕೋಶಗಳಲ್ಲಿ ಕೋಶಿಕೆಗಳು ಬಿಡಿಯಾಗದೆ...' ಇದನ್ನು ಓದಿದ ಹುಡುಗ ಪುಟ ಮಗುಚುತ್ತಾನೆ.

ಹಾಗಾಗಿ ಚೀಲಕ್ಕೆ 'ಕಿರುಚೀಲ' ಎಂದುಕೊಂಡಿದ್ದೇನೆ. 'ಗುಳ್ಳೆ' ಬೇಡ, ಸುಟ್ಟಗಾಯದ ನೆನಪಾಗುತ್ತದೆ. ಪ್ಯೂಪಾಗೆ ರೇಷ್ಮೆಯವರ 'ಗೂಡು' ತರೋಣವೆಂದರೆ ಈ ನೊಣ ನೂಲು ಸುತ್ತುವುದೇ ಇಲ್ಲ. ಮರಿಹುಳುವಿನ ಚರ್ಮವೇ ಗಟ್ಟಿಯಾಗಿ ಕಂದು ಚಿಪ್ಪಾಗುತ್ತದೆ. ತಿಪ್ಪೆಯ ನೊಣದ ಈ ಹಂತಕ್ಕೆ ನಿಮ್ಮ ಕಡೆ ಏನಾದರೂ ಹೆಸರಿದೆಯೆ? ಕರಾವಳಿ, ಮಲೆನಾಡು, ಉತ್ತರ ಕರ್ನಾಟಕ, ಎಲ್ಲಿಯದಾದರೂ ಸರಿ.

ಇನ್ನು ಜೀನಿನ ಹೆಸರು. ಜಪಾನಿ ಭಾಷೆಯಲ್ಲಿ ಶಿಬಿರೆ ಎಂದರೆ ಮರಗಟ್ಟುವುದು, ನಮ್ಮ 'ಜೋಮು'. ಆದರೆ ಮಕ್ಕಳ ಕಣ್ಣಿಗೆ ಅದು ಎನ್‌ಎಸ್‌ಎಸ್ ಶಿಬಿರ! ಆದರೂ ಹೆಸರನ್ನು ಹಾಗೇ ಉಳಿಸಿ, ಜೋಮು ಎಂದು ಒಮ್ಮೆ ಬಿಡಿಸಿ ಹೇಳುವುದು ವಾಸಿ ಅನ್ನಿಸುತ್ತಿದೆ. ಮುಂದೆ ಬೆಂಗಳೂರಿನಲ್ಲಿ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಕಟ್ಟಿದ ಒಬೈದ್ ಸಿದ್ದಿಕಿ ಅವರು ಅಮೆರಿಕದ ವಿಜ್ಞಾನಿ ಸೀಮೋರ್ ಬೆಂಜರ್ ಜೊತೆ 1976ರಲ್ಲಿ ವಿವರಿಸಿದ 'ಕೊಮಾಟೋಸ್' (ಇಂಗ್ಲಿಷಿನಲ್ಲಿ 'ಕೋಮಾದಲ್ಲಿರುವ' ಎಂದರ್ಥ) ನೊಣವೂ ಲೇಖನದಲ್ಲಿದೆ, ಅದೂ ಬಿಸಿಗೆ ಬೀಳುವಂಥದೇ. ಒಂದನ್ನು ಕನ್ನಡಿಸಿದರೆ ಇನ್ನೊಂದನ್ನೂ ಕನ್ನಡಿಸಬೇಕಾಗುತ್ತದೆ. ಜೀನುಗಳ ಹೆಸರನ್ನು ಅನುವಾದಿಸಿ ಬರೆದವರು ಇಲ್ಲಿ ಯಾರಾದರೂ ಇದ್ದೀರಾ? ಓದುಗರು ಏನಂದರು?