ಸಹಾಯ ಬೇಕು: ಮನೆತನದ ವಕೀಲರ ಹತ್ತಿರ ಇರುವ ಆಸ್ತಿ ಪತ್ರ ವಾಪಸ್ ಕೇಳುವುದು ಹೇಗೆ?

ನಮಸ್ಕಾರ. ಚಿಕ್ಕಮಗಳೂರಿನ ಹತ್ತಿರ ನಮ್ಮದು ಕಾಫಿ ತೋಟ, ಒಟ್ಟು ಕುಟುಂಬ. ಅಪ್ಪನ ಮದುವೆಗೂ ಮೊದಲಿಂದ ಒಬ್ಬರೇ ವಕೀಲರು. ಹೂಡಿಕೆ ನೋಡಿಕೊಳ್ಳುವವರು ಆ ವಕೀಲರ ಭಾವಮೈದುನ!

ಈಗ ಪಾಲಾಗಬೇಕು. ದೊಡ್ಡಪ್ಪನಿಗೂ ನಮಗೂ ಆ ವಕೀಲರೇ ವಿಭಾಗಪತ್ರ ಬರೆಯುತ್ತಿದ್ದಾರೆ. ಕರಡಿನಲ್ಲಿ ಸೋದರತ್ತೆಯ ಹೆಸರೇ ಇಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಅಲ್ವಾ ಎಂದರೆ, "ನಿಮ್ಮ ಮನೇಲಿ ಅದೆಲ್ಲ ಯಾಕಮ್ಮ" ಅಂತಾರೆ. ಮ್ಯೂಚುವಲ್ ಫಂಡ್ ಎಲ್ಲವೂ ರೆಗ್ಯುಲರ್ ಪ್ಲಾನ್, ಅಂದರೆ ವರ್ಷವರ್ಷವೂ ಭಾವಮೈದುನನಿಗೆ ಕಮಿಷನ್.

ಬೇರೆ ವಕೀಲರು ಎಂದರೆ ಅಪ್ಪನಿಗೆ ಮುಜುಗರ. ನಮ್ಮನೆ ಮದುವೆಗಳಲ್ಲಿ ಇವರಿಗೆ ಮೊದಲ ಪಂಕ್ತಿ. ಮೂಲ ಪತ್ರಗಳೂ ಅವರ ಬೀರುವಿನಲ್ಲೇ ಇವೆ. ಮನಸ್ತಾಪ ಆಗದಂತೆ ವಾಪಸ್ ಪಡೆದವರು ಇದ್ದೀರಾ? ಸೆಬಿ (ಷೇರು ಮಾರುಕಟ್ಟೆ ನಿಯಂತ್ರಕ ಸಂಸ್ಥೆ) ನೋಂದಣಿ ಇರುವ, ಬರೀ ಫೀಸ್ ತೆಗೆದುಕೊಳ್ಳುವ ಸಲಹೆಗಾರರಿಗೆ ನೀವು ಎಷ್ಟು ಕೊಡುತ್ತಿದ್ದೀರಿ?